ಅಗಸಿಗೆ ಬಂದ ಖಾಲಿ ಬಸ್ಸು

ಅರ್ಜಿಯ ಕೆಳಗೆ ನಲವತ್ತೊಂದು ಸಹಿಗಳಿದ್ದವು. ‘ನಮ್ಮೂರಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು ಬಿಡಬೇಕು, ಬಸ್ಸು ಅಗಸಿಯವರೆಗೆ ಬರಬೇಕು’ ಎಂದು ಬರೆದು, ‘ಅಗಸಿಯವರೆಗೆ’ ಎಂಬ ಮಾತಿನ ಕೆಳಗೆ ಎರಡು ಗೆರೆ ಎಳೆದಿದ್ದರು. ಅಗಸಿ ಎಂದರೆ ಊರ ಹೆಬ್ಬಾಗಿಲು. ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗುವ ರಸ್ತೆಯಲ್ಲಿ ಒಂದು ಕ್ರಾಸ್ ಇದೆ. ಅಲ್ಲಿಂದ ಒಳಗೆ ಆರು ಕಿಲೋಮೀಟರ್ ಹೋದರೆ ಈ ಊರು. ಹೆಸರು ಬೇಡ. ಆ ಊರಿನವರು ಓದಿದರೆ ನಕ್ಕು ಸುಮ್ಮನಾಗುತ್ತಾರೆ, ಪಕ್ಕದ ಊರಿನವರು ಓದಿದರೆ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ.

ನಾನು ಬಸ್ ಡಿಪೋದಲ್ಲಿ ಸಂಚಾರ ನಿರೀಕ್ಷಕಿ. ಯಾವ ದಾರಿಯಲ್ಲಿ ಎಷ್ಟು ಮಂದಿ, ಯಾವ ಹೊತ್ತಿಗೆ, ಎಲ್ಲಿಗೆ ಹೋಗುತ್ತಾರೆ ಎಂದು ನಿಂತು ಎಣಿಸುವುದು ನನ್ನ ಕೆಲಸದ ದೊಡ್ಡ ಪಾಲು. ಎಣಿಕೆಯಲ್ಲಿ ನಾನು ತಪ್ಪುವವಳಲ್ಲ ಎಂಬ ಸೊಕ್ಕು ಆಗ ನನಗೆ ಸ್ವಲ್ಪ ಜಾಸ್ತಿಯೇ ಇತ್ತು. ಡಿಪೋ ಮ್ಯಾನೇಜರು ಫೈಲು ನನ್ನ ಮುಂದೆ ಸರಿಸಿ, “ಎರಡ ಸಲ ವಾಪಸ್ ಹೋಗೇತ್ರಿ ಇದು. ಊರಾಗ ಮಂದೀನ ಇಲ್ಲ ಅಂತ ಬರದಾರ ಹಿಂದಿನವ್ರು. ನೀವೊಮ್ಮೆ ಎಣಿಸಿ ಬರ್ರಿ, ಮುಗಿಸಿ ಬಿಡೂಣು” ಎಂದರು.

ಮರುದಿನ ಬೆಳಿಗ್ಗೆ ಆರಕ್ಕೆ ಅಗಸಿಯ ಪಕ್ಕದಲ್ಲಿ ಪ್ಯಾಡು, ಪೆನ್ನು ಹಿಡಿದು ನಿಂತೆ. ಕಾಲ್ನಡಿಗೆಗೆ ಒಂದು ಅಂಕಣ, ಸೈಕಲ್ಲಿಗೆ ಒಂದು, ಮೋಟರ್ ಸೈಕಲ್ಲಿಗೆ ಒಂದು, ಟಂಟಂ ಆಟೋಗೆ ಒಂದು. ಒಂಬತ್ತರ ತನಕ ನಿಂತರೂ ಊರಿನಿಂದ ಹೊರಗೆ ಹೋದವರು ಹದಿನಾಲ್ಕೇ ಮಂದಿ. ಅದರಲ್ಲಿ ಇಬ್ಬರು ಐದು ನಿಮಿಷಕ್ಕೆ ವಾಪಸ್ ಬಂದರು. ಹಿಂದಿನವರು ಬರೆದದ್ದು ಸರಿಯೇ ಎಂದುಕೊಂಡು ಪ್ಯಾಡು ಮಡಚುವಾಗ, ಎದುರು ಮನೆಯ ಅಂಗಳ ಗುಡಿಸುತ್ತಿದ್ದ ಮುದುಕಿ ಕೇಳಿದಳು.

“ಆಗಿಂದ ಏನ ಬರಿಯಾಕತ್ತೀಯವ್ವ?”

“ಊರಾಗ ಎಷ್ಟ ಮಂದಿ ಓಡಾಡ್ತಾರಂತ ಎಣಸಾಕತ್ತೀನಿ ಅಮ್ಮಾ.”

ಮುದುಕಿ ಕಸಬರಿಗೆ ಊರಿ ನಿಂತು ಮನಸಾರೆ ನಕ್ಕಳು. “ಊರಾಗ ಯಾರ ಅದಾರವ್ವ? ದೇವರ ಅದಾನ, ನಾ ಅದೀನಿ. ಮಂದಿ ಎಲ್ಲಾ ತ್ವಾಟದಾಗ ಅದಾರ.”

ನನಗೆ ನಾಚಿಕೆಯಾಯಿತು. ನಾನೂ ರಾಯಬಾಗದ ಕಡೆಯವಳೇ, ತೋಟದ ಮನೆಯಲ್ಲೇ ಹುಟ್ಟಿ ಬೆಳೆದವಳು. ನಮ್ಮ ಸೀಮೆಯಲ್ಲಿ ನೀರು ಬಂದ ಮೇಲೆ ಜನ ತಮ್ಮ ತಮ್ಮ ಹೊಲದಲ್ಲೇ ಮನೆ ಕಟ್ಟಿಕೊಂಡರು. ಊರೊಳಗಿನ ಮನೆಗೆ ಬೀಗ. ಅದು ತೆರೆಯುವುದು ಹಬ್ಬಕ್ಕೆ, ಮದುವೆಗೆ. ಊರ ಅಗಸಿಯಲ್ಲಿ ನಿಂತು ಊರಿನ ಮಂದಿಯನ್ನು ಎಣಿಸುವುದೆಂದರೆ ಕಣ ಬಿಟ್ಟು, ಕಾಳು ಹೂತಿಡುವ ಹಗೇವಿನ ಬಾಯಲ್ಲಿ ನಿಂತು ಸುಗ್ಗಿ ಅಳೆದ ಹಾಗೆ. ಇದು ಗೊತ್ತಿದ್ದೂ, ನಕಾಶೆಯಲ್ಲಿ ಊರಿನ ಹೆಸರು ಎಲ್ಲಿ ಬರೆದಿತ್ತೋ ಅಲ್ಲೇ ಹೋಗಿ ನಿಂತಿದ್ದೆ.

ಮುಂದಿನ ಎರಡು ದಿನ ಊರಿನ ಆಶಾ ಕಾರ್ಯಕರ್ತೆಯ ಸ್ಕೂಟಿಯ ಹಿಂದೆ ಕೂತು ತೋಟ ತೋಟ ತಿರುಗಿದೆ. ಯಾವ ಮನೆಯಲ್ಲಿ ಬಾಣಂತಿ, ಯಾವ ಮನೆಯಲ್ಲಿ ಬಿ.ಪಿ. ಗುಳಿಗೆ, ಯಾವ ಮನೆಯ ನಾಯಿ ಕಚ್ಚುತ್ತದೆ ಎಲ್ಲವೂ ಆಕೆಗೆ ಬಾಯಿಪಾಠ. ಮನೆಗೊಂದು ಸಾಲು ಬರೆದುಕೊಂಡೆ: ಯಾರು, ಎಲ್ಲಿಗೆ, ಎಷ್ಟು ಗಂಟೆಗೆ, ಈಗ ಹೇಗೆ ಹೋಗುತ್ತಾರೆ. ಬೆಳಿಗ್ಗೆ ದಿನವೂ ನಿಪ್ಪಾಣಿ ಕಡೆಗೆ ಹೋಗಬೇಕಾದವರೇ ನಲವತ್ತಕ್ಕೂ ಹೆಚ್ಚು ಸಿಕ್ಕರು. ಕಾಲೇಜಿನ ಹುಡುಗರು, ಹುಡುಗಿಯರು, ತರಕಾರಿ ಮಾರುವವರು, ಒಬ್ಬ ಬ್ಯಾಂಕಿನ ಜವಾನ. ಇವರ ಜೊತೆ ಹನ್ನೊಂದು ಮಂದಿ ಹೆಂಗಸರು.

ಈ ಹನ್ನೊಂದು ಮಂದಿಯೂ ಮೊದಲು ಮನೆಯಲ್ಲಿ ಬೀಡಿ ಕಟ್ಟುತ್ತಿದ್ದವರು. ನಿಪ್ಪಾಣಿಯ ಹೊರವಲಯದ ಒಂದು ಹೊಲಿಗೆ ಕಾರ್ಖಾನೆ ಅವರನ್ನು ಕಲಿಕೆಗೆ ತೆಗೆದುಕೊಂಡಿತ್ತು. ಅವರಿಗೆಲ್ಲ ಮುಂದಾಳು ಒಂದು ತೋಟದ ಮನೆಯ ಸೊಸೆ, ಮೂವತ್ತೈದರ ಆಸುಪಾಸು, ಮಾತು ಕಡಿಮೆ, ಕಣ್ಣಲ್ಲೇ ಎಲ್ಲ ಹೇಳುವವಳು. ಎಮ್ಮೆ ಹಿಂಡುತ್ತಲೇ ನನಗೆ ಲೆಕ್ಕ ಒಪ್ಪಿಸಿದಳು.

“ಆರೂವರಿಗೆ ಬಿಡ್ತೀವ್ರಿ ಮನಿ. ಹೊಲದಾಗಿನ ದಾರಿ ಹಿಡದ ಕ್ರಾಸಿಗೆ ನಡೀತೀವಿ. ಅಲ್ಲಿ ಟಂಟಂ ಸಿಕ್ಕರ ಸಿಕ್ತು. ಒಂಬತ್ತಕ್ಕ ಗೇಟ್ ಹಾಕ್ತಾರ. ವಾರದಾಗ ಎರಡ ದಿನಾರ ಗೇಟಿನ ಹೊರಗ ಉಳೀತೀವ್ರಿ.”

“ಉಳಿದ್ರ?”

“ಆ ದಿನಾ ಗೈರು. ಈ ತಿಂಗಳ ಕಡೀಕ ಕಲಿಕಿ ಮುಗೀತೈತಿ. ತಡಾ ಮಾಡಾವ್ರನ್ನ ಇಟಗೊಳ್ಳಂಗಿಲ್ಲ ಅಂದಾರ ಸೂಪರ್‌ವೈಜರ್ರು.” ಆಮೇಲೆ ಕೈ ನಿಲ್ಲಿಸಿ ಅಂದಳು, “ತಿರುಗಿ ತಂಬಾಕಿನ ಧೂಳಾಗ ಕುಂದ್ರು ಅಂದ್ರ ನನ್ನ ಕೈಲೆ ಆಗಂಗಿಲ್ರಿ ಮೇಡಂ.”

ಅದನ್ನು ಕೇಳಿದ ಮೇಲೆ ಈ ಫೈಲು ನನಗೆ ಬರೀ ಫೈಲಾಗಿ ಉಳಿಯಲಿಲ್ಲ. ಈಕೆಗೆ ಬಸ್ಸು ಸಿಗಬೇಕು ಎಂದು ಅಲ್ಲೇ ಹಟ ಹುಟ್ಟಿತು.

ಅರ್ಜಿಯಲ್ಲಿ ಮೊದಲ ಸಹಿ ಹಾಕಿದವರು ಆಕೆಯ ಮಾವನೇ. ಎಪ್ಪತ್ತು ದಾಟಿದ ಹಿರಿಯರು, ಕೆಂಪು ರುಮಾಲು, ಗಿರಿಜಾ ಮೀಸೆ. ಬಸ್ಸಿಗಾಗಿ ಮೂರು ವರ್ಷ ಡಿಪೋಗೆ ತಿರುಗಿದ ಮನುಷ್ಯ. ದಾರಿ ಪರೀಕ್ಷೆಗೆ ಹೋದಾಗ ನನ್ನ ಟೇಪಿನ ಇನ್ನೊಂದು ತುದಿ ಹಿಡಿದವರೂ ಅವರೇ. ರಸ್ತೆಯ ಅಗಲ, ಎರಡು ಸಣ್ಣ ಸೇತುವೆ, ಜೋತು ಬಿದ್ದ ಕರೆಂಟಿನ ತಂತಿ ಎಲ್ಲ ಅಳೆದೆವು. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಎದುರಾದರೆ ಎಲ್ಲಿ ಸರಿದು ನಿಲ್ಲುವುದು ಎಂದೂ ಗುರುತು ಹಾಕಿದೆವು. ತೊಂದರೆಯಿದ್ದದ್ದು ಅಗಸಿಯ ಮುಂದೆ. ಬಸ್ಸು ತಿರುಗಲು ಬೇಕಾದಷ್ಟು ಜಾಗವಿರಲಿಲ್ಲ, ಮೂರು ತಿಪ್ಪೆಗಳು ಅಡ್ಡ ಇದ್ದವು. ಅದರಲ್ಲೊಂದು ಯಾರದ್ದು ಎಂದು ಎರಡು ಮನೆಗಳ ನಡುವೆ ಹಳೇ ಜಗಳವಿತ್ತಂತೆ. ಬಸ್ಸು ಬರುತ್ತದೆ ಎಂದ ಕೂಡಲೇ ಅದು ಯಾರದ್ದೂ ಅಲ್ಲವಾಯಿತು. ಮೂರೂ ತಿಪ್ಪೆ ಒಂದೇ ದಿನದಲ್ಲಿ ಹೊಲ ಸೇರಿದವು.

ಮ್ಯಾನೇಜರು ಹದಿನೈದು ದಿನದ ಪ್ರಾಯೋಗಿಕ ಓಡಾಟಕ್ಕೆ ಒಪ್ಪಿದರು. ಶರತ್ತು ಒಂದೇ. ಕೊನೆಯ ಆರು ದಿನ, ಬೆಳಗಿನ ಟ್ರಿಪ್ಪಿಗೆ ಊರಿನಲ್ಲೇ ಹತ್ತಿದವರು ದಿನಕ್ಕೆ ಇಪ್ಪತ್ತೈದಕ್ಕಿಂತ ಕಡಿಮೆ ಆಗಕೂಡದು. ಕ್ರಾಸಿನಲ್ಲಿ ಹತ್ತಿದವರನ್ನು ಸೇರಿಸುವ ಹಾಗಿಲ್ಲ, ಅಲ್ಲಿ ಬೇರೆ ಬಸ್ಸುಗಳಿವೆ. ಒಂದು ದಿನ ಕಡಿಮೆಯಾದರೂ ಬಸ್ಸು ವಾಪಸ್, ಮತ್ತೆ ಒಂದು ವರ್ಷ ಅರ್ಜಿ ತೆಗೆದುಕೊಳ್ಳುವುದಿಲ್ಲ. ಹದಿನೈದನೆಯ ದಿನ ಬೀಳುತ್ತಿದ್ದದ್ದು ತಿಂಗಳ ಕೊನೆಗೆ, ಕಾರ್ಖಾನೆಯ ತೀರ್ಮಾನದ ದಿನವೇ. ನಲವತ್ತು ಮಂದಿಯ ಪಟ್ಟಿ ನನ್ನ ಕೈಯಲ್ಲಿತ್ತು. ಇಪ್ಪತ್ತೈದು ಯಾವ ಲೆಕ್ಕ ಎಂದು ನಾನು ಆರಾಮಾಗಿದ್ದೆ.

ಮೊದಲನೆಯ ದಿನ ಮದುವೆ ಮನೆಯಂತಿತ್ತು. ಬಸ್ಸಿಗೆ ಅರಿಶಿನ, ಕುಂಕುಮ, ಮಾವಿನ ತೋರಣ. ಚಾಲಕನಿಗೆ ರುಮಾಲು ಸುತ್ತಿದರು, ಗಾಲಿಗೆ ಕಾಯಿ ಒಡೆದರು. ಐವತ್ತೆರಡು ಸೀಟಿನ ಬಸ್ಸಿಗೆ ಎಪ್ಪತ್ತು ಮಂದಿ ಹತ್ತಿದರು. ನನ್ನ ಪೆನ್ನು ಕುಣಿಯಿತು. ಕ್ರಾಸ್ ಬಂದ ಕೂಡಲೇ ಅರವತ್ತು ಮಂದಿ ಇಳಿದು, “ಛಲೋ ಓಡತೈತ್ರಿ ಬಸ್” ಎಂದು ಕಂಡಕ್ಟರನಿಗೆ ಸರ್ಟಿಫಿಕೇಟ್ ಕೊಟ್ಟು, ಹರಟೆ ಹೊಡೆಯುತ್ತಾ ಆರು ಕಿಲೋಮೀಟರ್ ನಡೆದು ಊರಿಗೆ ಹೋದರು.

ಎರಡನೆಯ ದಿನ ಒಂಬತ್ತು ಮಂದಿ ಹತ್ತಿದರು. ಮೂರನೆಯ ದಿನ ಎಂಟು. ನಾಲ್ಕನೆಯ ದಿನವೂ ಎಂಟು. ಎಲ್ಲರೂ ಗಂಡಸರು, ಹುಡುಗರು. ನನ್ನ ಹನ್ನೊಂದು ಮಂದಿಯಲ್ಲಿ ಒಬ್ಬರೂ ಇಲ್ಲ. ತೋಟಗಳ ಕಾಲೇಜು ಹುಡುಗಿಯರೂ ಇಲ್ಲ. ಹೆಂಗಸರು ಟಿಕೆಟಿಗೆ ದುಡ್ಡೂ ಕೊಡಬೇಕಿಲ್ಲದ ಕಾಲ ಇದು, ಆಧಾರ್ ಕಾರ್ಡು ತೋರಿಸಿ ಕೂತರೆ ಆಯಿತು. ಮತ್ತೆ ಏನು ಕಡಿಮೆಯಾಗಿದೆ ಇವರಿಗೆ?

ಅಂದು ಬಸ್ಸಿನಲ್ಲೇ ಕೂತು ಕ್ರಾಸಿಗೆ ಬಂದು ನೋಡಿದರೆ, ಬುತ್ತಿಯ ಚೀಲ ಹಿಡಿದು ಅಷ್ಟೂ ಮಂದಿ ಅಲ್ಲೇ ನಿಂತಿದ್ದಾರೆ! ಸೀರೆಯ ಅಂಚೆಲ್ಲ ಇಬ್ಬನಿಯಲ್ಲಿ ತೊಯ್ದಿದೆ. ನಗುನಗುತ್ತಾ ಅದೇ ಬಸ್ಸು ಹತ್ತಿದರು. ಊರಿಗೆ ಬಂದ ಬಸ್ಸು ಬಿಟ್ಟು, ಹೊಲ ಹಾದು ನಡೆದು ಬಂದು, ಅದೇ ಬಸ್ಸನ್ನು ಕ್ರಾಸಿನಲ್ಲಿ ಹಿಡಿಯುವುದೆಂದರೆ ಏನು? ನನಗೆ ಸಿಟ್ಟು ಬೇಗ. ಎದ್ದು ನಿಂತು ಬೈದೇಬಿಟ್ಟೆ.

“ಇಲ್ಲಿ ಹತ್ತಿದ್ರ ಲೆಕ್ಕಕ್ಕ ಬರಂಗಿಲ್ಲ ಅಂತ ಹೇಳೀನೋ ಇಲ್ಲೋ? ಬಸ್ ಹೋದ್ರ ಮತ್ತ ಬರಂಗಿಲ್ಲ. ನಡ್ಯಾಕ ಅಷ್ಟ ಹೌಸಿದ್ರ ನನ್ಯಾಕ ತ್ವಾಟ ತಿರಗಿಸಿದ್ರಿ?”

ಎಲ್ಲರೂ ತಲೆ ತಗ್ಗಿಸಿದರು. ಮುಂದಾಳು ಸೊಸೆ ಮಾತ್ರ ಮೆಲ್ಲಗೆ ಅಂದಳು, “ನೀವು ಗಟ್ಟಿ ಅದೀರಿ ಮೇಡಂ. ನಾವು ಸಂಜೀಕ ಅದ ಮನಿಗೆ ಹೋಗಬೇಕಲ್ರಿ.” ಮುಂದೆ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ.

ಅತ್ತ ಹಿರಿಯರಿಗೂ ಚಿಂತೆ. “ನಮ್ಮ ಮಂದಿಗೆ ನಡ್ಯಾಕ ರೂಢಿ ಆಗೇತ್ರಿ ಮೇಡಮ್ಮಾರ. ಬಸ್ಸಿನ ಕಿಮ್ಮತ್ತು ಗೊತ್ತಿಲ್ಲ” ಎಂದು ನನ್ನ ಮುಂದೆ ಪೇಚಾಡಿದರು. ಬಸ್ಸಿನ ಮಾನ ಉಳಿಸಲು ತಾವೇ ಟೊಂಕ ಕಟ್ಟಿದರು. ಬೆಳಿಗ್ಗೆ ಏಳಕ್ಕೇ ಅಗಸಿಯ ಕಟ್ಟೆಗೆ ಬಂದು ಕೂರುವುದು, ಜೊತೆಗೆ ಇನ್ನಷ್ಟು ಹಿರಿಯರನ್ನು ಕರೆತರುವುದು. ಐದನೆಯ ದಿನ ಕಟ್ಟೆಯ ಮೇಲೆ ಹತ್ತು ಮಂದಿ, ಆರನೆಯ ದಿನ ಹದಿನೈದು. ಕಟ್ಟೆ ತುಂಬಿದಷ್ಟೂ ಬಸ್ಸು ಬರಿದಾಯಿತು. ಏಳನೆಯ ದಿನ ನಾಲ್ಕೇ ಮಂದಿ.

ಅಂದು ಮಧ್ಯಾಹ್ನ ಆಶಾ ಕಾರ್ಯಕರ್ತೆಯ ಮನೆಗೆ ಹೋಗಿ, ಚಹಾ ಕುಡಿಯುತ್ತಾ ನನ್ನ ಪಟ್ಟಿಯನ್ನು ಆಕೆಯ ಮುಂದೆ ಹರವಿದೆ. ಆಕೆ ಪಟ್ಟಿ ನೋಡಲೂ ಇಲ್ಲ.

“ಅಗಸ್ಯಾಗ ಹಿರೇರು ಕುಂತಿರ್ತಾರಲ್ರಿ.”

“ಕುಂತರ ಕುಂದ್ರಲಿ. ಅವರೇನ ಬ್ಯಾಡ ಅಂತಾರ? ಬಸ್ ತರಿಸಿದವ್ರ ಅವರು.”

“ಬ್ಯಾಡ ಅನ್ನಂಗಿಲ್ರಿ. ಆದ್ರ ಮಾಂವ, ಭಾವ ಕುಂತ ಕಟ್ಟಿ ಮುಂದ ಸೊಸ್ತ್ಯಾರು ಹತ್ತ ನಿಮಿಷ ಹ್ಯಾಂಗ ನಿಂದರಬೇಕು? ಸೆರಗ ಹೊದ್ದ ಸರಕ್ಕನ ದಾಟಿ ಹೋಗಬೇಕು. ಹುಡುಗೂರು ಸೈತ ಅವರ ಕಣ್ಣ ತಪ್ಪಸ್ತಾವ. ಅದು ಅಗಸಿರಿ. ನಾನೂ ಸ್ಕೂಟಿ ಇಳದ ತಳ್ಳಿಕೋತ ಹೋಗ್ತೀನಿ ಅಲ್ಲಿ.”

ಚಹಾ ಕೈಯಲ್ಲೇ ಆರಿತು. ಬಸ್ಸು ತುಂಬಲಿ ಎಂದು ಅವರು ಬಂದು ಕೂರುತ್ತಿದ್ದರು, ಅವರು ಕೂತದ್ದಕ್ಕೇ ಬಸ್ಸು ತುಂಬುತ್ತಿರಲಿಲ್ಲ. ಚೀಲದಿಂದ ಅರ್ಜಿಯ ಪ್ರತಿ ತೆಗೆದು ಮತ್ತೊಮ್ಮೆ ಓದಿದೆ. ನಲವತ್ತೊಂದು ಸಹಿಗಳಲ್ಲಿ ಒಂದೂ ಹೆಣ್ಣು ಹೆಸರಿರಲಿಲ್ಲ. ಎಣಿಕೆಯಲ್ಲಿ ತಪ್ಪದ ನಾನು ಮೂರು ವಾರದಿಂದ ಆ ಕಾಗದ ಹೊತ್ತು ತಿರುಗಿ, ಅದನ್ನು ಕಂಡೇ ಇರಲಿಲ್ಲ.

ಉಪಾಯ ಹೊಳೆದದ್ದು ಅದೇ ಸಂಜೆ, ವಾಪಸ್ ಬರುವಾಗ. ಅಗಸಿಯಿಂದ ಅರ್ಧ ಕಿಲೋಮೀಟರ್ ಈಚೆ, ತೋಟದ ಎರಡು ಹಾದಿಗಳು ರಸ್ತೆಗೆ ಕೂಡುವಲ್ಲಿ ಹಾಲಿನ ಡೇರಿ ಇದೆ. ಬಾಗಿಲ ಮುಂದೆ ಕ್ಯಾನು ಹಿಡಿದ ಹೆಂಗಸರ ಸಾಲು, ನಗು, ಜಗಳ, ಸುದ್ದಿ. ಫ್ಯಾಟ್ ನೋಡುವ ಯಂತ್ರದ ಮುಂದೆ ಕಾಲು ಗಂಟೆ ನಿಂತರೂ ಯಾರೂ ಯಾಕೆ ಎಂದು ಕೇಳುವುದಿಲ್ಲ. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎನ್ನುತ್ತಾರೆ. ನೀರು ಈಗ ನಲ್ಲಿಯಲ್ಲಿ ಮನೆಗೇ ಬಂದಿದೆ. ಹಾಲಿಗೆ ಬಾರದಿರುವಳೇ?

ಆದರೆ ಆದೇಶದಲ್ಲಿ ಬಸ್ಸು ಹೊರಡುವ ಜಾಗ ‘ಅಗಸಿ’ ಎಂದೇ ಇತ್ತು, ಪ್ರಯೋಗದ ನಡುವೆ ಅದನ್ನು ಬದಲಿಸುವ ಹಾಗಿರಲಿಲ್ಲ. ರಾತ್ರಿ ನಿಯಮದ ಪುಸ್ತಕ ತಿರುವಿ ಹಾಕಿದೆ. ದಾರಿಯ ನಡುವೆ ಪ್ರಯಾಣಿಕರು ಬರೆದುಕೊಟ್ಟರೆ ಕೋರಿಕೆ ನಿಲುಗಡೆ ಕೊಡಬಹುದು, ನಿರೀಕ್ಷಕರ ಸಹಿ ಸಾಕು. ಡೇರಿ ಊರಿನ ಹದ್ದಿನಲ್ಲೇ ಇದ್ದದ್ದರಿಂದ ಅಲ್ಲಿ ಹತ್ತಿದವರೂ ಊರಿನ ಲೆಕ್ಕಕ್ಕೇ ಸೇರುತ್ತಾರೆ. ಮ್ಯಾನೇಜರನ್ನು ಕೇಳಿದ್ದರೆ ನಾಳೆ ನೋಡೋಣ ಎನ್ನುತ್ತಿದ್ದರು, ನನ್ನ ಬಳಿ ನಾಳೆಗಳು ಬಹಳ ಉಳಿದಿರಲಿಲ್ಲ. ಕೇಳದೆಯೇ ಮಾಡುವುದೆಂದು ತೀರ್ಮಾನಿಸಿದೆ.

ಮರುದಿನ ಡೇರಿಯ ಕಟ್ಟೆಯ ಮೇಲೆ ಕಾಗದ ಹಾಸಿದೆ. ಸೊಸೆ ಮೊದಲ ಸಹಿ ಹಾಕಿದಳು. ಪೆನ್ನು ವಾಪಸ್ ಕೊಡುವ ಮೊದಲು ತನ್ನ ಹೆಸರನ್ನು ಒಮ್ಮೆ ಓದಿಕೊಂಡಳು. ಅವಳ ಹಿಂದೆ ಕಾಲೇಜು ಹುಡುಗಿಯರೂ ಸೇರಿ ಇಪ್ಪತ್ತಮೂರು ಸಹಿಗಳಾದವು.

ಹತ್ತನೆಯ ದಿನ, ಅಂದರೆ ಲೆಕ್ಕದ ಮೊದಲ ದಿನ, ಬಸ್ಸು ಅಗಸಿಯಿಂದ ಐದು ಮಂದಿಯೊಂದಿಗೆ ಹೊರಟಿತು. ಡೇರಿಯ ಮುಂದೆ ನಿಂತಿತು. ಖಾಲಿ ಕ್ಯಾನುಗಳು ಅತ್ತೆಯರ ಕೈಗೆ ಹೋದವು, ಸೊಸೆಯರು ಬಸ್ಸಿಗೆ ಬಂದರು. ಇಪ್ಪತ್ತೆಂಟು! ನಾನು ಎರಡು ಸಲ ಎಣಿಸಿದೆ. ಹಗುರಾಗಿಬಿಟ್ಟೆ. ಕಂಡಕ್ಟರ್ ನನ್ನ ಮುಖ ನೋಡಿ, “ಮೇಡಂ, ಇವತ್ತ ಚಹಾ ನಿಮ್ಮದ್ರಿ” ಎಂದ.

ಹನ್ನೊಂದನೆಯ ದಿನ ಅಗಸಿಯಲ್ಲಿ ಹಿರಿಯರು ಕೋಲು ಊರಿ ಬಸ್ಸಿನ ಮುಂದೆಯೇ ನಿಂತಿದ್ದರು. ನಾನು ಇಳಿದೆ.

“ಮೂರ ವರ್ಷ ತಿರಗೀನ್ರಿ ಈ ಅಗಸಿಗೆ ಬಸ್ ತರಾಕ. ನೀವು ಡೇರಿ ಮುಂದ ಮಂದಿ ತುಂಬಕೊಂಡ ಹೋಗ್ತೀರಿ. ನಮ್ಮ ಅಗಸಿ ಏನ ತಪ್ಪ ಮಾಡೇತಿ?”

ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. “ಅಜ್ಜಾರ, ಅಗಸಿ ತಪ್ಪ ಮಾಡಿಲ್ರಿ. ನೀವೆಲ್ಲಾ ಇಲ್ಲಿ ಕುಂತಿರ್ತೀರಿ. ನಿಮ್ಮ ಸೊಸ್ತ್ಯಾರು ನಿಮ್ಮ ಮುಂದ ಬಸ್ ಕಾಯ್ಕೋತ ನಿಂದರಾಕ ಆಗದ, ಆರೂವರಿಗೆ ಮನಿ ಬಿಟ್ಟ ಹೊಲದಾಗ ನಡದ ಹೋಗ್ತಿದ್ರು.”

ಅವರು ಕಟ್ಟೆಯ ಕಡೆ ಒಮ್ಮೆ ತಿರುಗಿ ನೋಡಿದರು. “ನನಗ ಯಾರೂ ಹೇಳಲಿಲ್ಲಲ್ಲ” ಎಂದರು ಆಮೇಲೆ, ಸಣ್ಣ ದನಿಯಲ್ಲಿ.

“ಯಾರ ಹೇಳಬೇಕ್ರಿ? ಹೇಳಬೇಕಾದವ್ರು ನಿಮ್ಮ ಮುಂದ ಮಾತಾಡಂಗಿಲ್ಲ.”

ಕೋಲು ತೆಗೆದು ಪಕ್ಕಕ್ಕೆ ಸರಿದರು. ಮರುದಿನ ಕಟ್ಟೆ ಪೂರಾ ಖಾಲಿ. ಹಿರಿಯರಿಗೆ ನೋವು ಮಾಡಿದೆನಲ್ಲ ಎಂದು ನನಗೆ ಕೆಡುಕೆನಿಸಿತು. ಆದರೆ ಲೆಕ್ಕ ತುಂಬುತ್ತಿತ್ತು: ಇಪ್ಪತ್ತಾರು, ಮೂವತ್ತು, ಇಪ್ಪತ್ತೇಳು, ಇಪ್ಪತ್ತೊಂಬತ್ತು. ಹೊಲಿಗೆಯವರು ಐದು ದಿನವೂ ಒಂಬತ್ತರೊಳಗೆ ಗೇಟು ದಾಟಿದ್ದರು.

ಕೊನೆಯ ದಿನ ಬಸ್ಸು ಅಗಸಿಯಲ್ಲಿ ತಿರುಗಿ ನಿಂತಾಗ, ಹಿರಿಯರು ಒಬ್ಬರೇ ನಿಂತಿದ್ದರು. ಇಸ್ತ್ರಿಯ ಧೋತರ, ಹೊಸ ರುಮಾಲು. ಸೀದಾ ಹತ್ತಿ, ಬಾಗಿಲಿನ ಎದುರಿನ ಮೊದಲ ಸೀಟಿನಲ್ಲಿ ಕೂತರು.

“ಎಲ್ಲಿಗ್ರಿ ಅಜ್ಜಾರ?” ಎಂದ ಕಂಡಕ್ಟರ್.

“ನಿಪ್ಪಾಣಿ. ಕೆಲಸೇನಿಲ್ಲ. ಇವತ್ತ ಕಡೀ ದಿನಾ, ಮೇಡಮ್ಮಾರ ಲೆಕ್ಕಕ್ಕ ಒಂದ ತಲಿ ಕಡಿಮಿ ಬೀಳಬಾರದು.”

ಅವರು ಬಾರದಿದ್ದರೂ ಲೆಕ್ಕ ತುಂಬುತ್ತಿತ್ತು. ಬಂದದ್ದರಿಂದಲೇ ಎಲ್ಲ ಕೆಡುವ ಹಾಗಿತ್ತು. ಹನ್ನೊಂದು ಮಂದಿ ಹಿಂದೆ ಸರಿದರೆ ಹದಿನೈದು ಹದಿನಾರಕ್ಕೆ ಇಳಿಯುತ್ತೇವೆ, ಬಸ್ಸೂ ಹೋಯಿತು, ಅವರ ಕೆಲಸವೂ ಹೋಯಿತು. ಆ ಖುಷಿಯ ಮುಖಕ್ಕೆ ಇಳಿಯಿರಿ ಎನ್ನಲು, ಅಷ್ಟು ಗಟ್ಟಿ ಬಾಯಿಯ ನನಗೂ ಬಾಯಿ ಬರಲಿಲ್ಲ.

ಡೇರಿ ಬಂತು. ಸಾಲಿನಲ್ಲಿ ಮೊದಲು ಸೊಸೆಯೇ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟವಳು ರುಮಾಲು ಕಂಡು ಹಾಗೇ ನಿಂತಳು. ಸೆರಗು ತಲೆಗೇರಿತು. ಹಿಂದಿನ ಸಾಲೂ ನಿಂತಿತು. ಚಾಲಕ ಹಾರ್ನ್ ಹೊಡೆದ. ಯಾರೂ ಕದಲಲಿಲ್ಲ.

ಹಿರಿಯರು ಬಾಗಿಲ ಕಡೆ ತಿರುಗಲಿಲ್ಲ. ಎದ್ದು ಸೀಟು ಬಿಟ್ಟು, ಚಾಲಕನ ಪಕ್ಕದ ಬಾನೆಟ್ಟಿನ ಹತ್ತಿರ ಹೋಗಿ, ಮುಂದಿನ ಗಾಜಿಗೆ ಮುಖ ಮಾಡಿ ಕಂಬಿ ಹಿಡಿದು ನಿಂತರು. ಗಟ್ಟಿಯಾಗಿ, ಚಾಲಕನಿಗೆ ಎಂಬಂತೆ ಅಂದರು, “ನಾ ರಸ್ತಾ ನೋಡಾಕತ್ತೀನಿ. ಹಿಂದ ಏನ ನಡದೈತಿ ನನಗ ಗೊತ್ತಿಲ್ಲ. ಸೀಟ್ ಖಾಲಿ ಅದಾವ, ಹತ್ತೋರ ಹತ್ತವಲ್ರ್ಯಾಕ? ಒಂಬತ್ತಕ್ಕ ಗೇಟ್ ಹಾಕ್ತಾರಂತ.”

ಆಮೇಲೆ ಸೊಸೆ ಎರಡನೆಯ ಕಾಲನ್ನೂ ಮೆಟ್ಟಿಲ ಮೇಲಿಟ್ಟಳು. ಅವಳ ಹಿಂದೆ ಹತ್ತು ಮಂದಿ, ಹುಡುಗಿಯರು, ಎಲ್ಲರೂ. ಹಿರಿಯರನ್ನೂ ಸೇರಿಸಿ ಇಪ್ಪತ್ತೇಳು. ನಿಪ್ಪಾಣಿಯವರೆಗೆ ಆ ಮನುಷ್ಯ ಕೂರಲೂ ಇಲ್ಲ, ಕುತ್ತಿಗೆ ತಿರುಗಿಸಲೂ ಇಲ್ಲ. ದಾರಿಯಲ್ಲಿ ಕಂಡ ಕಬ್ಬು, ತಂಬಾಕು, ಕಾಲುವೆ ಎಲ್ಲದರ ಬಗ್ಗೆ ಚಾಲಕನಿಗೆ ಪಾಠ ಹೇಳುತ್ತಲೇ ಇದ್ದರು.

ಎಂಟೂ ನಲವತ್ತಕ್ಕೆ ಕಾರ್ಖಾನೆಯ ಎದುರು ಬಸ್ಸು ನಿಂತಿತು. ಹೆಂಗಸರು ಇಳಿದರು. ಹಿರಿಯರೂ ಇಳಿದು, ಆ ಎತ್ತರದ ಗೇಟನ್ನು ಮೇಲಿಂದ ಕೆಳಗೆ ನೋಡುತ್ತಾ ನಿಂತರು. ಗೇಟಿನೊಳಗೆ ಕಾಲಿಡುತ್ತಿದ್ದ ಸೊಸೆ ನಿಂತಳು, ತಿರುಗಿ ಬಂದಳು. ಸೆರಗು ಸರಿಪಡಿಸಿಕೊಂಡು, ನಮ್ಮೆಲ್ಲರಿಗೂ ಕೇಳುವ ಹಾಗೆ ಅಂದಳು:

“ಮಾವಾರ, ಸಂಜೀ ಬಸ್ ಆರಕ್ಕ ಬಿಡತೈತ್ರಿ. ಪ್ಯಾಟ್ಯಾಗ ತಿರುಗಿ ತಡಾ ಮಾಡಬ್ಯಾಡ್ರಿ. ಬಸ್ ಯಾರನ್ನೂ ಕಾಯಂಗಿಲ್ಲ.”

ಹಿರಿಯರು ಅವಸರದಲ್ಲಿ ತಲೆಯಾಡಿಸಿದರು. “ಇಲ್ಲವ್ವ, ಇಲ್ಲ. ಐದೂವರಿಗೇ ಬಂದ ನಿಂದರ್ತೀನಿ.”